ಕಡೇ ಖೋಲಿಯ ಹುಡುಗಿ

“ಏ ಹುಡುಗೀ, ಕಂಬಾ ಬಿಡ ಲೇ! ಕೈ ತಗೀ ಅಂದ್ರ ಕಿವ್ಯಾಗ ಬೀಳಾಂಗಿಲ್ಲೇನ? ಮಾಳೀ, ನಿನ್ನ ಮಗಳಿಗೆ ಒಂದೀಟ ರೀತಿ ಕಲಸು. ಇವತ್ತ ಕಂಬಾ ಮುಟ್ಯಾಳ, ನಾಳಿ ದೇವರ ಜಗಲಿ ಹತ್ತತಾಳ!”

ಗೌಡರ ಹೆಂಡತಿ ಚನ್ನಮ್ಮ ಪಡಸಾಲೆಯಲ್ಲಿ ನಿಂತು ಕೂಗಿದ್ದು ಊರಬಾಗಿಲ ಅಗಸಿಯವರೆಗೆ ಕೇಳಿಸಿತು. ಕಳಸಾಪುರ ದಾಟಿ ಇನ್ನೂ ಒಳಕ್ಕಿರುವ ಆ ಊರಲ್ಲಿ ಗೌಡರ ಮನೆ ದೊಡ್ಡದು, ಆ ಮನೆಯ ಬಾಯಿ ಅದಕ್ಕಿಂತ ದೊಡ್ಡದು. ಅಂಗಳದ ತುಂಬ ಒಣಮೆಣಸಿನಕಾಯಿಯ ರಾಶಿ. ಮೂಗಿಗೆ ಸೆರಗು ಬಿಗಿದುಕೊಂಡ ಕೇರಿಯ ಹೆಂಗಸರು ಸುತ್ತ ಕೂತು ತೊಟ್ಟು ಮುರಿಯುತ್ತಿದ್ದರು. ಮಾಳವ್ವ ತಲೆ ಎತ್ತಿ ನೋಡಿದಾಗ ಮಗಳು ವಿದ್ಯಾಶ್ರೀ ಪಡಸಾಲೆಯ ಕಂಬ ತಬ್ಬಿಕೊಂಡು ನಿಂತಿದ್ದಳು. ಕಾಲು ನೋವೆಂದು ಬೆಳಗಿನಿಂದ ಅಳುತ್ತಿದ್ದ ಹುಡುಗಿ, ತಲೆ ತಿರುಗಿತೋ ಏನೋ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡಿದ್ದಳು.

“ಗೌಡ್ತೀರ, ಹುಡುಗಿ ಮೈ ಕಾಯಾಕತ್ತೇತ್ರಿ. ನಿಂದ್ರಾಕ ಆಗಿಲ್ಲ, ಹಿಡಕೊಂಡಾಳ.”

“ಮೈ ಕಾದ್ರ ಮನ್ಯಾಗ ಮಲಗಸು. ನಮ್ಮ ಕಂಬಕ್ಕ ಯಾಕ ಹಚ್ಚತಿ?” ಎಂದ ಚನ್ನಮ್ಮ ಒಳಗೆ ಹೋಗಿ ತಂಬಿಗೆ ನೀರು ತಂದು ಕಂಬಕ್ಕೆ ಚೆಲ್ಲಿದಳು. ಹುಡುಗಿ ಇನ್ನೂ ಕಂಬ ಬಿಟ್ಟಿರಲಿಲ್ಲ. ನೀರು ಅವಳ ಮುಖದ ಮೇಲೂ ಬಿತ್ತು.

ಮಾಳವ್ವನಿಗೆ ಊರಲ್ಲಿ ಬಾಯಿಮಾಳವ್ವ ಎಂದು ಹೆಸರಿತ್ತು. ಆ ಹೆಸರು ಸುಮ್ಮನೆ ಬಂದದ್ದಲ್ಲ. ತೊಟ್ಟು ಮುರಿದು ತುಂಬಿಸಿದ್ದ ಬುಟ್ಟಿಯನ್ನು ಎತ್ತಿ, ಮುರಿಯದ ರಾಶಿಯ ಮೇಲೆ ಬೋರಲು ಹಾಕಿದಳು. ಬೆಳಗಿನಿಂದ ಮಾಡಿದ ಕೆಲಸವೆಲ್ಲ ರಾಶಿಯಲ್ಲಿ ಕಲಸಿಹೋಯಿತು. “ನಿನ್ನ ಕಂಬಾ ನೀನ ತಬ್ಬಿಕೊಂಡು ಸಾಯಿ, ಹಾದರಗಿತ್ತಿ!” ಎಂದವಳೇ ಮಗಳನ್ನು ಸೊಂಟಕ್ಕೇರಿಸಿಕೊಂಡು ನಡೆದುಬಿಟ್ಟಳು. ಹಿಂದೆ ಚನ್ನಮ್ಮ ಏಳು ತಲೆಮಾರು ಎತ್ತಿ ಬೈಯುತ್ತಿದ್ದದ್ದು ಅವಳ ಕಿವಿಗೆ ಬೀಳಲಿಲ್ಲ. ಮೂರನೇ ಇಯತ್ತೆ ಓದುವ ಹುಡುಗಿ ಸೊಂಟದ ಮೇಲೆ ಹತ್ತಿಯ ಮೂಟೆಯಂತೆ ಹಗುರವಾಗಿದ್ದಳು. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

“ಎವ್ವಾ, ನಾ ಬೇಕಂತ ಮುಟ್ಟಿಲ್ಲಬೇ.”

“ನೀ ಸುಮ್ಕಿರ ನನ ಕೂಸ. ನಿನ್ನ ಮುಟ್ಟಬ್ಯಾಡ ಅಂದವರ ಬಾಗಲಾ ಇನ್ನೊಮ್ಮೆ ತುಳದ್ರ ನಾ ನಮ್ಮಪ್ಪಗ ಹುಟ್ಟಿದಾಕಿ ಅಲ್ಲ,” ಎಂದಳು ಮಾಳವ್ವ. ಆ ಮಾತು ಮಗಳಿಗೆ ಆಡಿದ್ದಕ್ಕಿಂತ ಹೆಚ್ಚಾಗಿ ತನಗೇ ಆಡಿಕೊಂಡದ್ದು.

ಅಂದು ಸಂಜೆ ಮಗಳಿಗೆ ನೀರೆರೆಯುವಾಗ ಕೈಗೆ ತಾಗಿದ್ದು ಕೊರಳಲ್ಲಿನ ಗಂಟು. ಆಮೇಲೆ ಕಂಕುಳಲ್ಲೂ ಹುಣಸೆಬೀಜದಂಥ ಗಂಟುಗಳು ಸಿಕ್ಕವು. ಅತ್ತೆ ಸಾವಂತ್ರೆವ್ವ ಅರಿಸಿನ ಸುಣ್ಣ ಕಲಸಿ ಹಚ್ಚಿದಳು. ಗಂಟು ಕರಗಲಿಲ್ಲ. ಮೈಮೇಲೆ ಅಲ್ಲಲ್ಲಿ ನೀಲಿ ಕಲೆ ಎದ್ದವು. ಶಾಲೆಯ ಮಾಸ್ತರರು ಹುಡುಗಿಯ ತಂದೆ ಪುಂಡಲೀಕಪ್ಪನನ್ನು ಕರೆಸಿ, ಕುಡಿದು ಬಂದು ಮಗಳನ್ನು ಬಡಿಯಲು ನಾಚಿಕೆಯಾಗುವುದಿಲ್ಲವೇ ಎಂದು ಎಲ್ಲ ಮಕ್ಕಳ ಎದುರು ಕೇಳಿದರು. ಗದಗಿನ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುವ ಪುಂಡಲೀಕಪ್ಪ ಇರುವೆ ತುಳಿದರೂ ಮರುಗುವಂಥ ಮನುಷ್ಯ. ನಾ ಬಡಿದಿಲ್ಲ ಎಂದು ಹೇಳುವ ಧೈರ್ಯವೂ ಆಗದೆ ತಲೆ ತಗ್ಗಿಸಿ ಮನೆಗೆ ಬಂದ.

ಬೆಟಗೇರಿಯ ಡಾಕ್ಟರು ಗಂಟು ಒತ್ತಿ ನೋಡಿ, ರಕ್ತ ತೆಗೆಸಿ, ಬಾಯಿಬಿಟ್ಟು ಏನೂ ಹೇಳದೆ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಹೆಸರು ಗೊತ್ತಾಯಿತು. ರಕ್ತದ ಕ್ಯಾನ್ಸರ್.

ಆಸ್ಪತ್ರೆಯ ಮರದಡಿ ಕೂತು ಮಾಳವ್ವ ಬಾಯಿ ಬಡಿದುಕೊಂಡು ಅತ್ತಳು. ಆದರೆ ಅಲ್ಲಿಯ ಚಿಕ್ಕ ವಯಸ್ಸಿನ ಡಾಕ್ಟರ್ ಒಂದು ಮಾತು ಹೇಳಿದ್ದ. ಮಕ್ಕಳಿಗೆ ಬರುವ ಈ ರೋಗ ವಾಸಿಯಾಗುತ್ತದೆ, ಔಷಧ ಪೂರ್ತಿ ಆಗಬೇಕು, ಉಳಿದ ಮಕ್ಕಳೇ ಹೆಚ್ಚು. ಆ ಮಾತನ್ನು ಅವಳು ಗಂಟು ಕಟ್ಟಿಕೊಂಡಳು. ಔಷಧ ನರದೊಳಗೆ ಹನಿಯುವಾಗ ಹುಡುಗಿ ಕಕ್ಕಿದರೂ, ಬಾಯೆಲ್ಲ ಹುಣ್ಣಾದರೂ, ಕೂದಲು ಕೈಗೆ ಬಂದರೂ ಅದೇ ಮಾತನ್ನು ಮೆಲುಕು ಹಾಕುತ್ತಿದ್ದಳು.

“ಎವ್ವಾ, ನಾ ಈಗ ಗುಂಡಕಲ್ಲ ಆಗೇನಿ ನೋಡ. ಇನ್ನ ಹೇನ ಎಲ್ಲಿ ಕುಂಡ್ರತಾವ?” ಎಂದು ವಿದ್ಯಾಶ್ರೀ ಬೋಳುತಲೆ ಸವರಿಕೊಂಡು ನಕ್ಕಾಗ ಮಾಳವ್ವನೂ ನಕ್ಕಳು. ಕೊರಳ ಗಂಟು ಕರಗಿತ್ತು. ಅದನ್ನು ಮುಟ್ಟಿ ಮುಟ್ಟಿ ನೋಡುವುದೇ ಅವಳಿಗೆ ಕೆಲಸವಾಯಿತು.

ಹಾಗಿರುವಾಗ ಒಂದು ಮುಂಜಾನೆ ಬಿಟ್ಟಿ ಔಷಧದ ಕಾರ್ಡು ಬರೆಯುವವನು ವಾರ್ಡಿಗೆ ಬಂದ. ಸಾಲಾಗಿ ಹಾಸಿಗೆಗಳಿದ್ದವು, ಎಲ್ಲರೂ ಕೇಳುವಂತೆ ಗಟ್ಟಿಯಾಗಿಯೇ ಕೇಳಿದ.

“ಯಾವ ಜನಾ?”

ಪುಂಡಲೀಕಪ್ಪ ಮೆಲ್ಲಗೆ ಹೇಳಿದ.

“ಗಟ್ಟಿ ಹೇಳ್ರಿ. ಬಾಯಾಗ ಏನ ಇಟಗೊಂಡೀರಿ?”

“ಹೊಲ್ಯಾರ್ರೀ,” ಎಂದಳು ಮಾಳವ್ವ, ವಾರ್ಡಿಗೆ ವಾರ್ಡೇ ಕೇಳುವಂತೆ. ಪಕ್ಕದ ಹಾಸಿಗೆಯ ಹೆಂಗಸು ತನ್ನ ನೀರಿನ ಬಾಟಲಿಯನ್ನು ಆಚೆ ಸರಿಸಿ ಇಟ್ಟುಕೊಂಡಳು. ಮಾಳವ್ವ ಅದನ್ನು ನೋಡಿದಳು. ಅಂಥದ್ದು ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ.

ಅಂದೇ ಮಧ್ಯಾಹ್ನ ವಿದ್ಯಾಶ್ರೀಯನ್ನು ವಾರ್ಡಿನಿಂದ ಎತ್ತಿ ಆಸ್ಪತ್ರೆಯ ಉದ್ದನೆಯ ಓಣಿಯ ಕಡೇ ಖೋಲಿಗೆ ಹಾಕಿದರು.

ಬಾಗಿಲಿಗೆ ಒಂದು ಬೋರ್ಡು. ಪುಂಡಲೀಕಪ್ಪ ಅಕ್ಷರ ಕೂಡಿಸಿ ಓದಿದ: ‘ಒಳಗೆ ಪ್ರವೇಶವಿಲ್ಲ’. ಬಾಗಿಲಿನ ನಡುವೆ ಒಂದು ಗಾಜು, ಅದರಲ್ಲಿ ಮಗಳ ಹಾಸಿಗೆ ಕಾಣುತ್ತಿತ್ತು. ಅವಳ ಊಟದ ತಾಟಿಗೂ ಲೋಟಕ್ಕೂ ಅಂಚಿನಲ್ಲಿ ಕೆಂಪು ಬಣ್ಣ ಬಳಿದಿದ್ದರು. ಬೇರೆ ಮಕ್ಕಳ ಪಾತ್ರೆಗಳ ಜೊತೆ ಅವು ಕೂಡಬಾರದಂತೆ. ದಪ್ಪ ಕನ್ನಡಕದ ನರ್ಸ್ ಬಾಯಿಗೆ ಬಟ್ಟೆ, ಕೈಗೆ ರಬ್ಬರಿನ ಚೀಲ ಹಾಕಿಕೊಂಡು ಬಂದು, ತಾಟನ್ನು ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದಳು. ಆ ಡಾಕ್ಟರ್ ಕೂಡ ಬಾಗಿಲಲ್ಲಿ ನಿಂತು, “ಯಾರೂ ಮುಟ್ಟಬೇಡಿ. ಜನ ಸೇರಬೇಡಿ. ತಾಯಿಯೊಬ್ಬಳೇ ಊಟ ಮಾಡಿಸಿ ಹೊರಗೆ ಬರಲಿ,” ಎಂದು ಹೇಳಿ, ಮಾತು ಮುಗಿಯುವ ಮೊದಲೇ ಬೇರೆ ಖೋಲಿಗೆ ನಡೆದಿದ್ದ.

ಮಾಳವ್ವ ಕೇಳದೆ ಇರಲಿಲ್ಲ. ಕೇಳಿದಳು. ತನ್ನ ಬಾಯಿಯನ್ನು ಹತೋಟಿಯಲ್ಲಿಟ್ಟುಕೊಂಡು, ಕೈ ಜೋಡಿಸಿಯೇ ಕೇಳಿದಳು.

“ಅಕ್ಕಾರ, ನಮ್ಮ ಹುಡುಗಿನ ಯಾಕ್ರೀ ಬ್ಯಾರೆ ಇಟ್ಟೀರಿ?”

“ನಿಮಗ ಹೇಳಿದ್ರ ತಿಳಿಯಾಂಗಿಲ್ಲ. ಹೇಳಿದಷ್ಟ ಮಾಡ್ರಿ.”

“ತಿಳಿಯೂಹಂಗ ಹೇಳ್ರಿ ನಮ್ಮವ್ವಾ.”

“ಏ, ತಲಿ ತಿನಬ್ಯಾಡ ನೀ. ಮೊದಲ ಆ ಸೀರಿ ನೋಡಕೋ, ಎಷ್ಟ ಹೊಲಸ ಆಗೇತಿ. ಸ್ವಚ್ಛ ಅಂದ್ರೇನಂತ ನಿಮ್ಮಂಥಾ ಮಂದಿಗೆ ಗೊತ್ತಿದ್ರ ನಮಗ್ಯಾಕ ಇಷ್ಟ ತ್ರಾಸ?”

ನಿಮ್ಮಂಥಾ ಮಂದಿ. ಇಷ್ಟು ಸಾಕಾಯಿತು. ಜಾತಿ ಕೇಳಿದ್ದು ಮುಂಜಾನೆ, ಬೇರೆ ಹಾಕಿದ್ದು ಮಧ್ಯಾಹ್ನ, ಬೋರ್ಡು, ತಾಟು, ದೂರ ನಿಲ್ಲುವುದು. ಇದನ್ನು ಓದಲು ಮಾಳವ್ವನಿಗೆ ಅಕ್ಷರ ಬೇಕಿರಲಿಲ್ಲ, ಹುಟ್ಟಿದಾಗಿನಿಂದ ಓದಿಕೊಂಡು ಬಂದದ್ದು. ಮರುದಿನ ಗಂಜಿ ಕುಡಿಸುವಾಗ ವಿದ್ಯಾಶ್ರೀ ಕೆಂಪು ಅಂಚಿನ ಲೋಟ ನೋಡುತ್ತ ಮೆಲ್ಲಗೆ ಕೇಳಿದಳು.

“ಎವ್ವಾ, ಇಲ್ಲೂ ನಾವು ಹೊಲ್ಯಾರ ಏನಬೇ?”

ಮಾಳವ್ವ ಲೋಟವನ್ನು ಗೋಡೆಗೆ ಬೀಸಿ ಒಗೆದಳು.

ಮಗಳನ್ನು ಇಲ್ಲಿಂದ ಒಯ್ಯುತ್ತೇನೆಂದಾಗ ಪುಂಡಲೀಕಪ್ಪ ಬೇಡವೆಂದ. “ನಡುವ ಬಿಟ್ಟ ಹೋಗಬಾರದಂದಾರ ಲೇ. ಇಷ್ಟ ಸಹಿಸೇವಿ, ಇನ್ನೊಂದೀಟ ಸಹಿಸೂಣು. ಹುಡುಗಿ ಉಳದ್ರ ಸಾಕಿಲ್ಲ ನಮಗ?”

“ಉಳೀಲಿ, ಮನಶ್ಯಾಳಾಗಿ ಉಳೀಲಿ! ನಾಕ ದಿನಾ ಊರಾಗ ಇದ್ದು, ಬ್ಯಾರೆ ಆಸ್ಪತ್ರಿ ನೋಡೂಣು. ಔಷಧಾ ಬಿಡಸತೀನಿ ಅಂದ್ನೇನ ನಾ? ಇವರ ಕೈಯಾಗ ಬಿಡಾಂಗಿಲ್ಲ ಅಂದೆ, ಅಷ್ಟ.”

ಭೇಟಿಯ ಹೊತ್ತಿನ ಗದ್ದಲದಲ್ಲಿ ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ಒಳಗೆ ಬರುವವರನ್ನು ನೂರೆಂಟು ಕೇಳುವ ಕಾವಲಿನವನು ಹೊರಗೆ ಹೋಗುವವರನ್ನು ಏನೂ ಕೇಳಲಿಲ್ಲ.

ಆ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಸಾವಿನ ಬಾಯಿಂದ ಪಾರಾಗಿ ಬಂದವರಿಗೆ ಮನೆಗೊಬ್ಬರಂತೆ ಬಂದು ಕೈಯಾರೆ ಒಂದೊಂದು ತುತ್ತು ಉಣ್ಣಿಸಬೇಕು. ಅಷ್ಟು ಮನೆಯ ಋಣ ಬಿದ್ದವರನ್ನು ಸಾವು ಮತ್ತೆ ಬೇಗ ಮುಟ್ಟುವುದಿಲ್ಲವೆಂದು ನಂಬಿಕೆ. ಹಾವು ಕಚ್ಚಿ ಉಳಿದವರಿಗೆ ಉಣ್ಣಿಸಿದ್ದರು, ಬಾವಿಗೆ ಬಿದ್ದು ಬದುಕಿದವರಿಗೆ ಉಣ್ಣಿಸಿದ್ದರು. ವಿದ್ಯಾಶ್ರೀ ಬಂದಳೆಂದು ಕೇಳಿದೊಡನೆ ಕೇರಿಯೆಲ್ಲ ಮಾಳವ್ವನ ಮನೆಯ ಮುಂದೆ ನೆರೆಯಿತು.

ನಡುವೆ ಒಂದು ದೊಡ್ಡ ಗಂಗಾಳ. ಒಬ್ಬರು ರೊಟ್ಟಿ ತಂದರು, ಒಬ್ಬರು ಬೆಲ್ಲದ ಹೂರಣ, ಒಬ್ಬರು ಮೊಸರನ್ನ. ಸಾವಂತ್ರೆವ್ವ ಕೆಮ್ಮುತ್ತ ಕೆಮ್ಮುತ್ತ ಮೊದಲ ತುತ್ತು ಕಲಸಿ ಮೊಮ್ಮಗಳ ಬಾಯಿಗಿಟ್ಟಳು. ಹೊಲದಿಂದ ಬಂದವರು, ಕಸ ಗುಡಿಸಿ ಬಂದವರು, ಕೂಸಿಗೆ ಮೊಲೆಯೂಡಿಸಿ ಬಂದವರು, ಸೀರೆಗೆ ಕೈ ಒರೆಸಿಕೊಂಡು ಒಂದೊಂದು ತುತ್ತು ಹಾಕಿದರು. ಬೋಳುತಲೆಗೆ ಮುತ್ತು ಕೊಟ್ಟರು. ಮಕ್ಕಳು ತಲೆ ಸವರಲು ಜಗಳವಾಡಿದವು. ವಿದ್ಯಾಶ್ರೀ ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ಹೋಗುತ್ತ, ಬಾಯಿಯ ಹುಣ್ಣು ಉರಿದರೂ ನುಂಗುತ್ತ, ಖಿಲ್ಲೆಂದು ನಗುತ್ತಿದ್ದಳು.

“ಇಲ್ಲಿ ಎಲ್ಲಾರೂ ನನ್ನ ಮುಟ್ಟತಾರ ನೋಡಬೇ!”

“ಮುಟ್ಟಲಾರದ ಏನ ನನ ಬಂಗಾರಾ,” ಎಂದಳು ಮಾಳವ್ವ. ಅವಳ ಜನ್ಮದಲ್ಲಿ ಅಂಥ ಸಂತೋಷದ ಸಂಜೆ ಇನ್ನೊಂದಿರಲಿಲ್ಲ. ಕಡೇ ಖೋಲಿಯಲ್ಲಿ ಕಿತ್ತುಕೊಂಡದ್ದನ್ನೆಲ್ಲ ಮಗಳಿಗೆ ಬಡ್ಡಿ ಸಮೇತ ಕೊಡಿಸಿದೆನೆಂದು ಎದೆ ಉಬ್ಬಿತು.

ಮೂರನೆಯ ದಿನ ಹುಡುಗಿಯ ಮೈ ಹಂಚಿನಂತೆ ಕಾದಿತು. ತುಟಿ ಕಪ್ಪಿಟ್ಟವು. ಊರಿನ ಕರೀಮಸಾಬನ ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ಓಡಿದರು. ಬೇರೆ ಆಸ್ಪತ್ರೆ ಹುಡುಕುವ ಹೊತ್ತು ಅದಾಗಿರಲಿಲ್ಲ. ಬಿಟ್ಟು ಬಂದ ಬಾಗಿಲಿಗೇ ಮತ್ತೆ ಹೋದರು.

“ಯಾರು ಹೇಳಿದ್ದು ಕರ್ಕೊಂಡು ಹೋಗೋಕೆ?” ಡಾಕ್ಟರ್ ಓಣಿಯಲ್ಲೇ ಕೂಗಿದ. “ಎಷ್ಟು ಜನ ಮುಟ್ಟಿದೀರಿ ಇದನ್ನ?”

ಮಾಳವ್ವ ತಲೆ ತಗ್ಗಿಸಲಿಲ್ಲ. “ಇಡೀ ಕೇರಿ ಮುಟ್ಟೇತ್ರಿ. ಇಡೀ ಕೇರಿ ಕೈಯಾರೆ ಉಣಿಸೇತ್ರಿ ನನ್ನ ಮಗಳಿಗೆ.”

“ಕೊಂದ್ರಿ! ಕೈಯಾರೆ ನೀವೇ ಕೊಂದ್ರಿ!” ಎಂದವನೇ ಹುಡುಗಿಯನ್ನು ತಳ್ಳುಗಾಡಿಯಲ್ಲಿ ಹಾಕಿಸಿ ಅದೇ ಕಡೇ ಖೋಲಿಗೆ ಓಡಿಸಿದ. ಬಾಗಿಲು ಮುಚ್ಚಿತು. ಮಾಳವ್ವ ಆ ಮಾತಿನ ತಲೆಬುಡ ತಿಳಿಯದೆ ನಿಂತಲ್ಲೇ ನಿಂತಳು.

ಪಕ್ಕದ ಖೋಲಿಯ ಹೊರಗೆ ಒಬ್ಬ ಹೆಂಗಸು ಚಾಪೆ ಹಾಕಿಕೊಂಡು ಕೂತಿದ್ದಳು. ಲಕ್ಷ್ಮೇಶ್ವರದ ರಹಿಮತಬಿ. ಇವರು ಊರಿಗೆ ಹೋದ ಮೇಲೆ ಮಗ ಮೊಹಸಿನನನ್ನು ಕರೆತಂದಿದ್ದಳು. ಅವಳೇ ಎದ್ದು ಬಂದು ಮಾಳವ್ವನನ್ನು ಹಿಡಿದು ಕೂರಿಸಿದಳು.

“ಮನಿಗೆ ಯಾಕ ಒಯ್ದಿ ಅಕ್ಕಾ? ರಕ್ತದಾಗ ಕಾವಲಾ ಇಲ್ಲದಾಗ?”

“ಏನ ಕಾವಲಾ?”

“ಯಾರೂ ಹೇಳಿಲ್ಲೇನ ನಿನಗ?” ರಹಿಮತಬಿ ಅವಳ ಮುಖ ನೋಡಿ ದನಿ ತಗ್ಗಿಸಿದಳು. “ನನ್ನ ತಮ್ಮ ರಮೀಜ ಔಷಧದ ಅಂಗಡ್ಯಾಗ ಅದಾನ, ಅಂವ ಹೇಳಿದ. ರಕ್ತದಾಗ ಬಿಳಿ ಕಣ ಅಂತ ಇರ್ತಾವಂತ, ಊರ ಕಾಯೂ ವಾಲೀಕಾರ ಇದ್ದಂಗ. ಈ ರೋಗದಾಗ ಆ ವಾಲೀಕಾರರ ಕೆಟ್ಟ ಹೋಗಿ ಊರ ಮ್ಯಾಲ ಬೀಳ್ತಾರ. ಔಷಧಾ ಹಾಕಿ ಎಲ್ಲಾರ್ನೂ ಹೊಡದ ಹಾಕ್ತಾರ, ಕೆಟ್ಟವರ್ನೂ ಒಳ್ಳೆವರ್ನೂ. ಹೊಸಾ ಕಾವಲಾ ಹುಟ್ಟೂತನಕಾ ಮಕ್ಕಳ ಮೈ ಬಾಗಲಾ ಇಲ್ಲದ ಮನಿ. ನಮ್ಮ ಕೈಯಾನ ಹೊಲಸ, ನಮ್ಮ ಕೆಮ್ಮ, ನಮ್ಮ ತಂಗಳಾ, ಏನ ಹೊಕ್ಕರೂ ತಡೆಯವರಿಲ್ಲ. ಅದಕ್ಕ ಮುಟ್ಟಬ್ಯಾಡ ಅಂತಾರ.”

ಮಾಳವ್ವ ಪಕ್ಕದ ಬಾಗಿಲು ನೋಡಿದಳು. ಅಲ್ಲೂ ಅಂಥದೇ ಬೋರ್ಡು. ಮೊಹಸಿನನ ತಾಟಿಗೂ ಕೆಂಪು ಅಂಚು.

“ಅದರ ಆಚೀಕಡೆ ಮೊನ್ನೆ ಬಂದ ದೇಸಾಯರ ಮೊಮ್ಮಗ,” ಎಂದಳು ರಹಿಮತಬಿ. “ಅವರಜ್ಜಿ ಮಡಿ ಉಟಗೊಂಡ ಬಂದಾಳ, ಅಕಿಗೂ ಒಳಗ ಬಿಟ್ಟಿಲ್ಲ.”

ಮಾಳವ್ವನಿಗೆ ಕೇರಿಯ ಒಂದೊಂದು ಕೈಯೂ ಕಣ್ಣ ಮುಂದೆ ಬಂತು. ಸಾವಂತ್ರೆವ್ವನ ಕೆಮ್ಮು ಬಂತು. ಎಲ್ಲರೂ ಪ್ರೀತಿಯಿಂದಲೇ ಉಣ್ಣಿಸಿದ್ದರು, ಮಗಳನ್ನು ಹೊತ್ತು ತಂದವಳು ತಾನು. ಎದ್ದಳು. ಔಷಧ ಹಂಚುತ್ತಿದ್ದ ಕನ್ನಡಕದ ನರ್ಸ್ ಎದುರು ಹೋಗಿ ನಿಂತಳು.

“ಬಿಳಿ ಕಣ ಇಲ್ಲಂತ ಒಂದ ಮಾತ ಹೇಳಿದ್ರ ನಿಮ್ಮ ಬಾಯಿ ಸವೀತಿತ್ತೇನ್ರಿ?”

“ಹೇಳಿದ್ವೆಲ್ಲಾ, ಮುಟ್ಟಬ್ಯಾಡ್ರಿ ಅಂತ.”

“ಅದನ್ನ ನಮಗ ಎಲ್ಲಾರೂ ಹೇಳ್ತಾರ್ರಿ. ಯಾಕಂತ ನೀವೂ ಹೇಳಲಿಲ್ಲ.”

ನರ್ಸ್ ಗುಳಿಗೆ ಎಣಿಸುವುದನ್ನು ನಿಲ್ಲಿಸಲಿಲ್ಲ. ಪುಂಡಲೀಕಪ್ಪ ಹಿಂದಿನಿಂದ ಹೆಂಡತಿಯ ಸೆರಗು ಜಗ್ಗಿದ. “ಬಿಡ ಲೇ, ಅವರ ಕೈಯಾಗ ಐತಿ ನಮ್ಮ ಹುಡುಗಿ ಜೀವ.” ಮಾಳವ್ವ ಬಿಟ್ಟಳು. ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಬಂದು ಗಾಜಿನ ಮುಂದೆ ಕೂತಳು.

ಮರುದಿನ ಮಧ್ಯಾಹ್ನ ಹುಡುಗಿಗೆ ಸ್ವಲ್ಪ ಎಚ್ಚರ ಬಂತು. ಊಟ ಮಾಡಿಸು ಎಂದು ಮಾಳವ್ವನನ್ನು ಒಳಗೆ ಬಿಟ್ಟರು. ಮೊಣಕೈವರೆಗೆ ಸಾಬೂನು ಹಚ್ಚಿ, ಉಗುರು ಉರಿಯುವಷ್ಟು ತಿಕ್ಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೋದಳು. ವಿದ್ಯಾಶ್ರೀ ಒಂದು ಚಮಚವನ್ನೂ ನುಂಗಲಿಲ್ಲ. ಎರಡೂ ಕೈ ಚಾಚಿದಳು.

“ಎತ್ತಿಕೋಬೇ.”

ಮಾಳವ್ವನ ಕೈ ಅರ್ಧ ಮುಂದೆ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡಳು.

“ಮುಟ್ಟಬಾರದವ್ವಾ. ಆರಾಮಾಗೂತನಕಾ ಮುಟ್ಟಬಾರದು ನಿನ್ನ.”

ಆ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಅವಳಿಗೆ ಸಾಯುವಂತಾಯಿತು. ಯಾಕೆಂದು ಹೇಳಲು ಹೊರಟಳು. ಕಾವಲು, ವಾಲೀಕಾರ, ಬಿಳಿ ಕಣ ಎಂದು ತೊದಲಿದಳು. ಅವಳು ಹೇಳುತ್ತಿರುವಂತೆಯೇ ಹುಡುಗಿ ಕೈಗಳನ್ನು ಮೆಲ್ಲಗೆ ಇಳಿಸಿ, ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಆಮೇಲೆ ಈ ಕಡೆ ತಿರುಗಲಿಲ್ಲ.

ಬೆಳಗಿನ ಬಿಸಿಲು ಓಣಿಗೆ ಬೀಳುವ ಹೊತ್ತಿಗೆ ಎಲ್ಲ ಮುಗಿದಿತ್ತು. ಡಾಕ್ಟರ್ ಹೊರಗೆ ಬಂದು ಪುಂಡಲೀಕಪ್ಪನಿಗೆ ಏನೋ ಹೇಳಿ ಹೋದ. ಪುಂಡಲೀಕಪ್ಪ ಗೋಡೆಗೆ ಹಣೆ ಹಚ್ಚಿ ನಿಂತ. ರಹಿಮತಬಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಮಾಳವ್ವನ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಗಾಜಿನೊಳಗೆ ನೋಡುತ್ತಲೇ ಇದ್ದಳು.

ಕನ್ನಡಕದ ನರ್ಸ್ ಬಾಗಿಲು ತೆರೆದು ಹೊರಗೆ ಬಂದಳು. ಬೋರ್ಡನ್ನು ಮೊಳೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

“ಹೋಗ್ರಿ ಒಳಗ. ಈಗ ಮುಟ್ಟಬಹುದು.”

ಮಾಳವ್ವ ಒಳಗೆ ಹೋಗಲಿಲ್ಲ. ಎದ್ದು ಬಂದು ನರ್ಸಿಗೆ ಅಡ್ಡ ನಿಂತಳು.

“ಮೊದಲ ನೀವ ಮುಟ್ರಿ.”

“ಏನ?”

“ಆ ಕೈಚೀಲಾ ತಗೀರಿ. ಇನ್ನ ನಮ್ಮ ಕೈಯಿಂದ ಅಕಿಗೆ ಏನೂ ಆಗಾಂಗಿಲ್ಲ, ಹೌದಿಲ್ರಿ? ಔಷಧದ ಮಾತ ಮುಗೀತು. ಬರೇ ಕೈಲೆ ನನ್ನ ಮಗಳ ಗಲ್ಲಾ ಒಂದ ಸಲ ಮುಟ್ರಿ. ನೀವು ಇಷ್ಟ ದಿನಾ ಯಾತಕ್ಕ ಮುಟ್ಟಿಲ್ಲಂತ ನನಗ ಖರೆ ಗೊತ್ತಾಗಬೇಕು.”

“ತಲಿ ಕೆಟ್ಟೇತೇನ ನಿನಗ? ಸರಿ ಬಾಜೂಕ. ನನಗ ಬ್ಯಾರೆ ಪೇಶಂಟ್ ಅದಾರ.”

ಮಾಳವ್ವ ಸರಿಯಲಿಲ್ಲ. ಓಣಿಯ ಮಂದಿ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ದೇಸಾಯರ ಅಜ್ಜಿಯೂ ಇಣುಕಿದಳು. ಕಾವಲಿನವನನ್ನು ಕರೆಯಿರಿ ಎಂದು ಯಾರೋ ಅಂದರು. ಗೋಡೆಗೆ ಹಣೆ ಹಚ್ಚಿದ್ದ ಪುಂಡಲೀಕಪ್ಪ ತಿರುಗಿ ನೋಡಿದ. ಹೆಂಡತಿಯ ಸೆರಗು ಜಗ್ಗಲು ಬಂದನೆಂದು ರಹಿಮತಬಿ ತಿಳಿದಳು. ಅವನು ಬಂದು ಹೆಂಡತಿಯ ಪಕ್ಕದಲ್ಲಿ, ಓಣಿಗೆ ಅಡ್ಡವಾಗಿ ನಿಂತ.

“ಮುಟ್ರಿ,” ಎಂದ.

ನರ್ಸ್ ಒಮ್ಮೆ ಒಳಗಿನ ಹಾಸಿಗೆ ನೋಡಿದಳು, ಒಮ್ಮೆ ತನ್ನ ರಬ್ಬರಿನ ಕೈಗಳನ್ನು ನೋಡಿಕೊಂಡಳು. ಬಾಗಿಲು ತೆರೆದೇ ಇತ್ತು. ಯಾರೂ ಒಳಗೆ ಹೋಗಲಿಲ್ಲ.